ರಾಡು ಹಾಕಿದ ಬೆನ್ನು ಮತ್ತೆ ನೋಯುತ್ತಿದ್ದರೆ, ಮೊದಲು ನೋವಿನ ಹೆಸರು ಕೇಳಿ

ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ವಕ್ರವಾಗುವ ತೊಂದರೆಗೆ, ಲೋಹದ ರಾಡು ಮತ್ತು ಸ್ಕ್ರೂ ಹಾಕಿ ಆಪರೇಷನ್ ಆಗಿ ಮೂರೋ ಹತ್ತೋ ವರ್ಷ ಕಳೆದ ಮೇಲೆ ಬೆನ್ನು ಮತ್ತೆ ನೋಯತೊಡಗಿದರೆ ಎರಡು ಮಾತು ಕಿವಿಗೆ ಬೀಳುತ್ತವೆ. "ಎಕ್ಸ್‌ರೇ ಚೆನ್ನಾಗಿದೆ, ಏನೂ ಇಲ್ಲ" ಅಂತ ಒಂದು. "ರಾಡು ತೆಗೆದುಬಿಡೋಣ" ಅಂತ ಇನ್ನೊಂದು. ಎರಡೂ ಅವಸರದ ಮಾತುಗಳು ಅಂತಲೇ ನನ್ನ ಖಚಿತ ಅಭಿಪ್ರಾಯ. ನೋವು ಎಷ್ಟೇ ಜೋರಾಗಿರಲಿ, ಅದಕ್ಕೊಂದು ಹೆಸರು ಸಿಗಬೇಕು. ಸ್ಕ್ಯಾನು ತೋರಿಸುವ ಜಾಗವೂ ಕೈಯಿಟ್ಟರೆ ನೋಯುವ ಜಾಗವೂ ತಾಳೆಯಾಗಬೇಕು. ಅಲ್ಲಿಯವರೆಗೆ ಎರಡನೇ ಆಪರೇಷನ್‌ಗೆ ಒಪ್ಪಿಗೆ ಕೊಡಬೇಡಿ. ಹಾಗೆಯೇ ಹೆಸರು ಸಿಗದೆ "ಏನೂ ಇಲ್ಲ" ಅನ್ನುವುದನ್ನೂ ಒಪ್ಪಬೇಡಿ.

ರಾಡಿನ ಕೆಲಸ ಏನು ಅನ್ನುವುದು ಎಷ್ಟೋ ಮನೆಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಅದು ತಾರಸಿಗೆ ಕೊಟ್ಟ ಸೆಂಟ್ರಿಂಗ್ ಇದ್ದ ಹಾಗೆ. ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ತನಕ ಹಿಡಿದಿಡುವುದಷ್ಟೇ ಅದರ ಪಾಲಿನದು. ಬೆಸುಗೆ ಎಲ್ಲೋ ಒಂದು ಕಡೆ ಕೂಡದೆ ಉಳಿದರೆ, ಪ್ರತಿ ಹೆಜ್ಜೆಗೂ ಆ ಜಾಗದಲ್ಲಿ ಲೋಹ ಬಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ತುಂಡಾಗುವಂತೆ ರಾಡೂ ಒಂದು ದಿನ ತುಂಡಾಗಬಹುದು. ವರ್ಷವೋ ಎರಡು ವರ್ಷವೋ ಚೆನ್ನಾಗಿದ್ದು, ಆಮೇಲೆ ಎದ್ದು ನಿಂತಾಗ, ಹೊರಳಿದಾಗ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ ಮೊದಲ ಅನುಮಾನ ಇದರ ಮೇಲಿರಲಿ. ರಾಡು ಮುರಿಯದೆಯೂ ಬೆಸುಗೆ ಕೂಡದೆ ಇರಬಹುದು. ಸಾದಾ ಎಕ್ಸ್‌ರೇಯಲ್ಲಿ ಲೋಹವೇ ಅಡ್ಡ ಬಂದು ಅದು ಅನೇಕ ಸಲ ಕಾಣುವುದಿಲ್ಲ. 1 ಮಿಲಿಮೀಟರ್ ತೆಳು ಸೀಳಿನ ಸಿಟಿ ಸ್ಕ್ಯಾನ್ ಮಾಡಿಸಿ, ಪಕ್ಕದಿಂದಲೂ ಮುಂದಿನಿಂದಲೂ ಚಿತ್ರ ಜೋಡಿಸಿ ನೋಡಬೇಕು. ಸ್ಕ್ರೂ ಸುತ್ತ ಕಪ್ಪು ಉಂಗುರ ಕಂಡರೆ ಅದು ಸಡಿಲವಾಗಿದೆ ಅನ್ನುವುದರ ಗುರುತು. ಆದರೆ ರಾಡು ಮುರಿದಿದ್ದರೂ ಮೂಳೆ ಗಟ್ಟಿಯಾಗಿ ಬೆಸೆದಿದ್ದು, ನೋವಿಲ್ಲದೆ, ವಕ್ರತೆ ಹೆಚ್ಚದೆ ಇದ್ದರೆ ಅನೇಕ ಸಲ ಸುಮ್ಮನೆ ಕಾದು ನೋಡಿದರೆ ಸಾಕು.

ಸುಲಭವಾಗಿ ಕೈತಪ್ಪಿಹೋಗುವುದು ತಡವಾಗಿ ಬರುವ ಸೋಂಕು. ಅನೇಕ ಸಲ ಜ್ವರ ಇರುವುದಿಲ್ಲ, ಕೀವು ಕಾಣುವುದಿಲ್ಲ, ವರ್ಷಗಳ ನಂತರ ಮಂದ ನೋವೊಂದು ಶುರುವಾಗಿ ಬಿಡದೆ ಕಾಡುತ್ತದೆ. ನಮ್ಮ ಚರ್ಮದಲ್ಲೇ ವಾಸವಿರುವ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯ ಲೋಹದ ಮೇಲೆ ಪೊರೆ ಕಟ್ಟಿಕೊಂಡು ಕೂತಿರುತ್ತದೆ. ಉರಿಯೂತ ಗುರುತಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್ ಬರಬಹುದು. ಈ ಬ್ಯಾಕ್ಟೀರಿಯ ಬೆಳೆಯುವುದೇ ನಿಧಾನ. ಲ್ಯಾಬಿನವರು ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವುದಕ್ಕೆ, ರಾಡಿನ ಸುತ್ತಲಿಂದ ತೆಗೆದ ಮಾದರಿಯನ್ನು 5 ದಿನ ಇಟ್ಟು "ಬೆಳವಣಿಗೆ ಇಲ್ಲ" ಎಂದು ಬರೆದರೆ ಆ ವರದಿಯನ್ನು ನಂಬುವಂತಿಲ್ಲ. 10ರಿಂದ 14 ದಿನ ಇಡಿಸುವಂತೆ ಚೀಟಿಯಲ್ಲೇ ಬರೆಸಿ. ಮೈ ತೀರಾ ಕೆಟ್ಟಿಲ್ಲದಿದ್ದರೆ, ಮಾದರಿ ತೆಗೆಯುವ ಮೊದಲು ಅಂದಾಜಿನ ಮೇಲೆ ಆ್ಯಂಟಿಬಯೋಟಿಕ್ ಕೊಡುವುದು ಬೇಡ ಅನ್ನಿ. ಔಷಧಿ ಒಳಗೆ ಹೋದ ಮೇಲೆ ಕಲ್ಚರಿನಲ್ಲಿ ಏನೂ ಸಿಗದೆ ಹೋಗಬಹುದು.

ದಶಕಗಳ ಹಿಂದೆ ಆಪರೇಷನ್ ಆದ ಹಳಬರ ಸಮಸ್ಯೆಯೇ ಬೇರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಡಾ. ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ಪ್ರಕಟಿಸಿದ ರಾಡು ಬೆನ್ನನ್ನು ಎರಡು ತುದಿಯಿಂದ ಜಗ್ಗಿ ನೇರ ಮಾಡುತ್ತಿತ್ತು. ಸೊಂಟದಲ್ಲಿ ಸಹಜವಾಗಿ ಇರಬೇಕಾದ ಒಳಬಾಗೂ ಅದರ ಜೊತೆಗೇ ಚಪ್ಪಟೆಯಾಗುತ್ತಿತ್ತು. ಅಂಥವರು ಬೆಳಿಗ್ಗೆ ನೆಟ್ಟಗಿದ್ದು ಸಂಜೆಯಾದಂತೆ ಮುಂದಕ್ಕೆ ವಾಲುತ್ತಾರೆ, ಮಂಡಿ ಮಡಿಸಿ ನಿಲ್ಲುತ್ತಾರೆ, ತೊಡೆ ಸೋಲುತ್ತದೆ. ಇದನ್ನು ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಬರಿಗಾಲಲ್ಲಿ, ಮಂಡಿ ನೇರ ಮಾಡಿ ನಿಂತು, ಕತ್ತಿನಿಂದ ತೊಡೆಮೂಳೆಯ ಗುಂಡಿನವರೆಗೆ ಒಂದೇ ಫಿಲ್ಮಿನಲ್ಲಿ ಬರುವಂತೆ ಪಕ್ಕದಿಂದ ತೆಗೆಸಬೇಕು. ತೊಡೆಯ ಗುಂಡು ಕಾಣದಿದ್ದರೆ ಪೆಲ್ವಿಕ್ ಇನ್ಸಿಡೆನ್ಸ್, ಅಂದರೆ ಬೆನ್ನು ಕೂರುವ ಕಟಿಮೂಳೆಯ ಆಕಾರ ಹೇಳುವ ಕೋನ, ಅಳೆಯಲಾಗದು. ಆ ಕೋನಕ್ಕೂ ಸೊಂಟದ ಬಾಗಿಗೂ ಇರುವ ವ್ಯತ್ಯಾಸ ಸುಮಾರು 10 ಡಿಗ್ರಿಯೊಳಗೆ, ಕತ್ತಿನ ಬುಡದಿಂದ ನೇರ ಕೆಳಕ್ಕೆ ಇಳಿಬಿಟ್ಟ ತೂಗುಗುಂಡಿನ ಗೆರೆ ತ್ರಿಕಾಸ್ಥಿಯ (ಬೆನ್ನಿನ ಬುಡದ ತ್ರಿಕೋನ ಮೂಳೆಯ) ಹಿಂದಿನ ಮೇಲ್ಮೂಲೆಯಿಂದ 5 ಸೆಂಟಿಮೀಟರ್ ಒಳಗೆ ಇರಲಿ ಅನ್ನುವುದು ಸಾಮಾನ್ಯ ಲೆಕ್ಕ. ವಯಸ್ಸಾದವರಿಗೆ ಈ ಲೆಕ್ಕ ಸ್ವಲ್ಪ ಸಡಿಲ.

ಫ್ಯೂಷನ್, ಅಂದರೆ ಮೂಳೆಗಳ ಬೆಸುಗೆ, ಎಲ್-4ಕ್ಕೆ (ಸೊಂಟದ ನಾಲ್ಕನೇ ಮೂಳೆಗೆ) ನಿಂತಿದ್ದರೆ ಅದರ ಕೆಳಗೆ ಉಳಿಯುವುದು ಎರಡೇ ಡಿಸ್ಕ್. ಸೊಂಟದ ಬಗ್ಗಾಟದ ಭಾರವೆಲ್ಲ ಅವೆರಡರ ತಲೆಗೆ. ಕಾಲಿಗೆ ಇಳಿಯುವ ಉರಿ, ಜೋಮು ಅಲ್ಲಿಂದಲೇ ಬರುತ್ತಿರಬಹುದು. ಎಂಆರ್‌ಐ ಮಾಡಿಸುವುದಾದರೆ 3 ಟೆಸ್ಲಾ (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ದೊಡ್ಡದು, ಒಳ್ಳೆಯದು ಅಂದುಕೊಳ್ಳಬೇಡಿ. ಲೋಹ ಇರುವ ಬೆನ್ನಿಗೆ 1.5 ಟೆಸ್ಲಾದಲ್ಲೇ ಚಿತ್ರ ಕಡಿಮೆ ಕೆಡುತ್ತದೆ. ಲೋಹದ ನೆರಳು ತಗ್ಗಿಸುವ ವಿಧಾನ ಹಾಕಿ ಅಂತ ಮೊದಲೇ ಹೇಳಿ. ಫ್ಯೂಷನ್ ತ್ರಿಕಾಸ್ಥಿಯವರೆಗೆ ಇಳಿದಿದ್ದು ಪೃಷ್ಠದ ಮೇಲಿನ ಗುಳಿಯ ಹತ್ತಿರ ನೋವಿದ್ದರೆ ಸೇಕ್ರೋಇಲಿಯಾಕ್ ಕೀಲಿಗೆ (ತ್ರಿಕಾಸ್ಥಿ ಕಟಿಮೂಳೆಗೆ ಸೇರುವ ಕೀಲಿಗೆ) ಪರೀಕ್ಷೆಗೆಂದು ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಮೊದಲ ನಾಲ್ಕಾರು ಗಂಟೆಯಲ್ಲಿ ನೋವು ಎಷ್ಟು ಇಳಿಯಿತು ಅಂತ ಗಂಟೆಗೊಮ್ಮೆ ಬರೆದಿಡಿ. ಆ ಹಾಳೆಯೇ ಆ ಪರೀಕ್ಷೆಯ ಫಲಿತಾಂಶ.

ಈಗ "ತೆಗೆದುಬಿಡೋಣ" ವಿಷಯ. ಮೈಯಲ್ಲಿ ಕಬ್ಬಿಣ ಇದೆ, ತೆಗೆದರೆ ಹಗುರಾಗುತ್ತೆ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬೆಸುಗೆ ಗಟ್ಟಿಯಾಗಿದೆ ಎಂದುಕೊಂಡು ಲೋಹ ತೆಗೆದ ಮೇಲೂ ವಕ್ರತೆ ಮರಳಿ ಬರುವುದುಂಟು. ಸಾಬೀತಾದ ಸೋಂಕು, ಚರ್ಮಕ್ಕೆ ಒತ್ತುವ ಸ್ಕ್ರೂ, ನರಕ್ಕೋ ರಕ್ತನಾಳಕ್ಕೋ ತಾಗಿದ ಸ್ಕ್ರೂ, ಇವಾದರೆ ಸರಿ. ಬರೀ ಆಸೆಯ ಮೇಲೆ ತೆಗೆಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ರಿವಿಷನ್, ಅಂದರೆ ಹಳೆಯದನ್ನು ಸರಿಪಡಿಸುವ ಎರಡನೇ ಆಪರೇಷನ್, ಮೊದಲ ಆಪರೇಷನ್ನಿನ ಪುನರಾವರ್ತನೆ ಅಲ್ಲ. ಕಲೆಗಟ್ಟಿದ ಮಾಂಸ ನರದ ಪೊರೆಗೆ ಅಂಟಿರುತ್ತದೆ, ರಕ್ತ ಹೆಚ್ಚು ಹೋಗುತ್ತದೆ. ಬೆಸೆದ ಮೂಳೆಯನ್ನೇ ಕೊಯ್ದು ಬಾಗು ಕೊಡಬೇಕಾದರೆ ಹಿಂಬದಿಯ ಮೂಳೆ, ಕೀಲನ್ನಷ್ಟೇ ಕೊಯ್ಯುವ ಸ್ಮಿತ್-ಪೀಟರ್ಸನ್ ವಿಧಾನದಲ್ಲಿ ಒಂದು ಹಂತಕ್ಕೆ ಸುಮಾರು 10 ಡಿಗ್ರಿ, ಇಡೀ ಮೂಳೆಯಿಂದ ಬೆಣೆಯಾಕಾರದ ತುಂಡು ತೆಗೆಯುವ ಪೆಡಿಕಲ್ ಸಬ್‌ಟ್ರ್ಯಾಕ್ಷನ್‌ನಲ್ಲಿ ಸುಮಾರು 30 ಡಿಗ್ರಿ ಸಿಗುತ್ತದೆ. ಎರಡನೆಯದರಲ್ಲಿ ನರಕ್ಕೆ ಅಪಾಯವೂ ಜಾಸ್ತಿ. ಹಾಗಾಗಿ ಸರ್ಜನ್ನರನ್ನು ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ರಿವಿಷನ್ ಮಾಡುತ್ತೀರಿ? ಆಪರೇಷನ್ ಉದ್ದಕ್ಕೂ ನರಗಳ ಮೇಲೆ ನಿಗಾ ಇಡುವ ಮಾನಿಟರಿಂಗ್ ಇದೆಯೇ? ಏನೂ ಮಾಡದೆ ಬಿಟ್ಟರೆ ಐದು ವರ್ಷದಲ್ಲಿ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಡುವವರ ಹತ್ತಿರ ಎರಡನೇ ಸಲ ಹೋಗಿ.

ತಯಾರಿ ತಿಂಗಳುಗಟ್ಟಲೆ ಬೇಕು. ಸಿಗರೇಟು, ಬೀಡಿ ಮಾತ್ರವಲ್ಲ, ಗುಟ್ಕಾ ಮತ್ತು ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪೂ ನಿಕೋಟಿನ್ನೇ. ಅದು ಮೂಳೆ ಬೆಸೆಯುವುದನ್ನು ತಡೆಯುತ್ತದೆ. ಕನಿಷ್ಠ ನಾಲ್ಕರಿಂದ ಆರು ವಾರ ಮೊದಲು ಬಿಡಬೇಕು, ಆಮೇಲೆ ತಿಂಗಳುಗಟ್ಟಲೆ ಮುಟ್ಟಬಾರದು. ಮೂಳೆ ಸಾಂದ್ರತೆಯನ್ನು ರಾಡಿರುವ ಸೊಂಟದಲ್ಲಿ ಅಳೆದರೆ ಲೋಹ ಸೇರಿ ಸುಳ್ಳು ಅಂಕಿ ಬರುತ್ತದೆ, ತೊಡೆಯ ಮೇಲ್ಭಾಗದಲ್ಲೋ ಮುಂಗೈಯಲ್ಲೋ ಅಳೆಸಿ. ವಿಟಮಿನ್ ಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಉಸಿರಾಟದ ಪರೀಕ್ಷೆ ಬಿಡಬೇಡಿ.

ನಿರ್ಧಾರ ಆಗುವವರೆಗೆ ದಿನ ಕಳೆಯಬೇಕಲ್ಲ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ಬಗ್ಗುವಾಗ ಸೊಂಟ ಬಿಟ್ಟು ತೊಡೆಯ ಕೀಲಿನಿಂದ ಬಗ್ಗಿ. ಹಲಾಸನ, ಸರ್ವಾಂಗಾಸನ, ಬೆನ್ನು ತಿರುಚುವ ಆಸನಗಳನ್ನು ಯಾರೇ ಹೇಳಲಿ ಮಾಡಬೇಡಿ. ಬೆನ್ನು ಲಟಕ್ ಅನ್ನಿಸುವವರ ಹತ್ತಿರವಂತೂ ಸುಳಿಯಲೇಬೇಡಿ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಬಸಿರಾದವರು ಬೆನ್ನಿಗೆ ಕೊಡುವ ಅರಿವಳಿಕೆ ಕಷ್ಟವಾಗಬಹುದೆಂದು ಹೆರಿಗೆಗೆ ತಿಂಗಳುಗಳ ಮೊದಲೇ ಅರಿವಳಿಕೆ ತಜ್ಞರನ್ನು ಕಂಡು ಫಿಲ್ಮ್ ತೋರಿಸಿ. ಕಾಲಿನಲ್ಲಿ ಹೊಸದಾಗಿ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯದೆ ಅದೇ ಗಂಟೆಗೆ ಎಮರ್ಜೆನ್ಸಿಗೆ ಹೋಗಿ.

ಕಾಗದಗಳ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಆದರೆ ಮೊದಲು ಮಾಡಬೇಕಾದ ಕೆಲಸ ಅದೇ. ಯಾವ ಕಂಪನಿಯ ಸ್ಕ್ರೂ, ಟೈಟಾನಿಯಮ್ಮೋ ಕೋಬಾಲ್ಟ್ ಕ್ರೋಮೋ ಸ್ಟೀಲೋ, ಯಾವ ಮೂಳೆಯಿಂದ ಯಾವ ಮೂಳೆಯವರೆಗೆ ಎಂಬುದು ಗೊತ್ತಿಲ್ಲದಿದ್ದರೆ ರಿವಿಷನ್ ಮಾಡುವವರ ಹತ್ತಿರ ಆ ಸ್ಕ್ರೂಗೆ ಹೊಂದುವ ಡ್ರೈವರ್ ಕೂಡ ಇರದಿರಬಹುದು. ಡಿಸ್ಚಾರ್ಜ್ ಸಮ್ಮರಿ ಸಾಲದು. ಆಪರೇಷನ್ ನೋಟ್ಸ್ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಇರುವ ಹಾಳೆ ಬೇಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಚಿಕಿತ್ಸೆ ಶುರುವಾದಲ್ಲಿಂದ 3 ವರ್ಷದವರೆಗೆ ಇಟ್ಟುಕೊಂಡರೆ ಸಾಕು ಅನ್ನುತ್ತದೆ ಅದೇ ನಿಯಮ. ಆಪರೇಷನ್ ಆಗಿ ಎರಡೂವರೆ ವರ್ಷ ದಾಟಿದ್ದರೆ ಈ ವಾರವೇ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.