ಹಂತಕ ಬೇಗ ಸಿಕ್ಕಿಬಿದ್ದನೆಂಬ ದೂರು

ಬಗೆಹರಿದ ಕೊಲೆ ಪ್ರಕರಣಗಳನ್ನಷ್ಟೇ ಆಯ್ದು ವಾರಕ್ಕೊಂದರಂತೆ ಕೇಳಿಸುವ ಆ ಪಾಡ್‌ಕಾಸ್ಟ್ ಯಾವುದೆಂದು ವಿಜಯಪುರದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನನ್ನ ತಕರಾರು ಅದರ ಮೇಲಲ್ಲ, ಅದನ್ನು ಕೇಳಿ ಅಭಿಪ್ರಾಯ ಕೊಡುವ ಮಹಾಜನರ ಮೇಲೆ. ಕಳೆದ ಕಂತಿನ ಬಗ್ಗೆ ಊರಲ್ಲಿ ಎದ್ದಿರುವ ಮುಖ್ಯ ಆಕ್ಷೇಪವೆಂದರೆ, ಹಂತಕ ತೀರಾ ಬೇಗ ಸಿಕ್ಕಿಬಿದ್ದ. ಪೊಲೀಸರು ಮೂರನೆಯ ದಿನಕ್ಕೇ ಕೈಕೋಳ ಹಾಕಿಬಿಟ್ಟರೆ ಕೇಳುವವರು ಉಳಿದ ಅರ್ಧ ಗಂಟೆ ಏನು ಮಾಡಬೇಕು? ತನಿಖಾಧಿಕಾರಿ ಎರಡು ಕಡೆಯಾದರೂ ದಾರಿ ತಪ್ಪಬೇಕಿತ್ತು, ನಿರಪರಾಧಿಯೊಬ್ಬನನ್ನು ಒಂದು ವಾರವಾದರೂ ಠಾಣೆಯಲ್ಲಿ ಕೂರಿಸಿಕೊಳ್ಳಬೇಕಿತ್ತು ಎಂದು ಸಜ್ಜನರು, ತೆರಿಗೆ ಕಟ್ಟುವವರು, ಮಕ್ಕಳೊಂದಿಗರು ಮನಸಾರೆ ಮರುಗುತ್ತಿದ್ದಾರೆ. ದಕ್ಷತೆಯನ್ನು ದೋಷವೆಂದು ಬಗೆಯುವ ಈ ರಸಿಕತೆಗೆ ನಾನು ತಲೆಬಾಗುತ್ತೇನೆ.

ಅಭಿಪ್ರಾಯಗಳಲ್ಲಿ ವೈವಿಧ್ಯಕ್ಕೇನೂ ಕೊರತೆಯಿಲ್ಲ. ಒಬ್ಬರಿಗೆ ನಿರೂಪಕಿಯ ದನಿ ಬಹಳ ಹಿತ. ರಾತ್ರಿ ಒಂದು ಕೊಲೆ ಕಿವಿಗೆ ಬೀಳದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ, ಮರಣೋತ್ತರ ಪರೀಕ್ಷೆಯ ವರದಿ ಬರುವಷ್ಟರಲ್ಲಿ ಗೊರಕೆ ಶುರು. ಮತ್ತೊಬ್ಬರು ಪಂಚನಾಮೆಯನ್ನೆಲ್ಲ ಎರಡು ಪಟ್ಟು ವೇಗದಲ್ಲಿ ಓಡಿಸಿ, ಕೊಲೆಗಾರನ ಬಾಲ್ಯದ ಕಷ್ಟಗಳು ಬಂದಾಗ ಮಾತ್ರ ವೇಗ ತಗ್ಗಿಸಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಕುಡುಗೋಲು ಎತ್ತಿದ ಗಳಿಗೆಯಲ್ಲೇ ಸಾಲದ ಆ್ಯಪಿನ ಜಾಹೀರಾತು ನುಗ್ಗುವುದು ಸಂತ್ರಸ್ತರಿಗೆ ಮಾಡುವ ಅಗೌರವವೆಂದು ಇನ್ನೊಬ್ಬರು ಖಂಡಿಸಿದರು. ಸಂತ್ರಸ್ತರು ಯಾರೆಂದು ವಿಚಾರಿಸಿದಾಗ ಅವರು ತಮ್ಮನ್ನೇ ಕುರಿತು ಹೇಳಿದ್ದೆಂದು ತಿಳಿಯಿತು.

ಕಾನೂನು ಪಂಡಿತರ ಸಂಕಟ ಬೇರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕೊಲೆಯ ಶಿಕ್ಷೆ 103ನೆಯ ಕಲಮಿಗೆ ಹೋಗಿದ್ದರೂ, ಚಹಾದಂಗಡಿಯ ನ್ಯಾಯಪೀಠ ಹಳೆಯ ದಂಡ ಸಂಹಿತೆಯ ‘ತ್ರೀ ನಾಟ್ ಟೂ’ ಬಿಡಲು ಸಿದ್ಧವಿಲ್ಲ. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಮಾತಾಡುವ ಅಪರಾಧಕ್ಕೆ ಮೀಸಲಾಗಿದೆಯೆಂದು ವಿವರಿಸಿದವನನ್ನು ಅವರು ಧಾರ್ಮಿಕ ಭಾವನೆಗೇ ನೋವಾದವರಂತೆ ನೋಡಿದರು.

ಆದರೆ ನನ್ನನ್ನು ನಿಜವಾಗಿ ತಟ್ಟಿದ್ದು ಪ್ರಾದೇಶಿಕ ಅನ್ಯಾಯದ ಕೂಗು. ಇಷ್ಟು ಕಂತುಗಳಾದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪ್ರಕರಣಗಳಿಗೆ ಸಿಕ್ಕ ಪಾಲು ಏನೇನೂ ಸಾಲದು, ಬೆಂಗಳೂರಿನ ಕೊಲೆಗಳೇ ಎಲ್ಲವನ್ನೂ ನುಂಗುತ್ತಿವೆ ಎಂಬುದು ಇಲ್ಲಿಯವರ ಅಳಲು. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತಾದರೂ ಈ ಬಾಬತ್ತಿನ ಹಿಂದುಳಿಯುವಿಕೆಯನ್ನು ಅಳೆಯಲು ಮರೆತದ್ದು ದೊಡ್ಡ ಲೋಪವೇ ಸರಿ. ಅಪ್ಪಿತಪ್ಪಿ ನಮ್ಮ ಕಡೆಯ ಪ್ರಕರಣ ಬಂದರೂ ಇಂಡಿ ತಾಲ್ಲೂಕಿನ ಸಾಕ್ಷಿಯ ಬಾಯಲ್ಲಿ ‘ಏನ್ಲಾ’ ಎಂದು ಮಂಡ್ಯದ ಮಾತು ಆಡಿಸುತ್ತಾರೆ. ಕೊಲೆ ನಮ್ಮದು, ಗತ್ತು ಅವರದು. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧವನ್ನೇ ಕಟ್ಟಿ ನಿಲ್ಲಿಸಿದವರಿಗೆ, ಚಳಿಗಾಲದ ಅಧಿವೇಶನದಲ್ಲಿ ಈ ವಿಷಯಕ್ಕೆ ಅರ್ಧ ದಿನ ಮೀಸಲಿಡುವುದು ಕಷ್ಟವಾಗಲಾರದು. ವಿಜಯಪುರದ್ದಂತೂ ಇಬ್ಬಂದಿಯ ಪಾಡು: ಹೈಕೋರ್ಟಿಗೆ ಹೋಗಬೇಕೆಂದರೆ ಕಲಬುರಗಿ ಪೀಠ, ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ ಸವಲತ್ತು ಬೇಕೆಂದರೆ ‘ನೀವು ಕಲ್ಯಾಣ ಕರ್ನಾಟಕದವರಲ್ಲ’. ನಮ್ಮ ಕೊಲೆಗಾರನಿಗೆ ಮೇಲ್ಮನವಿಗೊಂದು ಪ್ರದೇಶ, ಮೀಸಲಾತಿಗೊಂದು ಪ್ರದೇಶ. ಇದರ ಮೇಲೊಂದು ಕಂತು ಮಾಡಿದರೆ ನಾನೇ ಮೊದಲು ಕೇಳುತ್ತೇನೆ.

ಇನ್ನು ‘ಬಗೆಹರಿದ’ ಎಂಬ ಸಮಾಧಾನ. ನಲವತ್ತು ನಿಮಿಷದಲ್ಲಿ ಎಲ್ಲ ಬಗೆಹರಿದು, ಗಲ್ಲು ಎಂಬ ಮಾತಿನೊಂದಿಗೆ ಕೊನೆಯ ಸಂಗೀತ ಕೇಳುವವರು, ಸೆಷನ್ಸ್ ನ್ಯಾಯಾಲಯ ಕೊಟ್ಟ ಗಲ್ಲು ಹೈಕೋರ್ಟ್ ಖಾಯಂ ಮಾಡುವವರೆಗೆ ಜಾರಿಯಾಗದೆಂಬುದನ್ನು ಸಂಗೀತದ ಗದ್ದಲದಲ್ಲಿ ಕೇಳಿಸಿಕೊಂಡಿರುವುದಿಲ್ಲ. ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯೊಂದರ ಅಪರಾಧಿಗೆ 2006ರಲ್ಲಿ ಗಲ್ಲು ಶಿಕ್ಷೆಯ ತೀರ್ಪಾಯಿತು. ಅವನನ್ನು ತಂದಿಟ್ಟದ್ದು ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಹತ್ತು ವರ್ಷ ಏಕಾಂತ ಬಂಧನದಲ್ಲಿಟ್ಟದ್ದು ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಆ ಗಲ್ಲನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಸಂಶಯಕ್ಕೆಡೆಯಿಲ್ಲದ ಪ್ರಕರಣವೇ ಹೀಗೆ ಇಪ್ಪತ್ತನಾಲ್ಕು ವರ್ಷ ನಡೆಯಿತು. ಅಪರಾಧಿಯ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ನಾನು ಬರೆಯುವುದಿಲ್ಲ.

ಮೊನ್ನೆ ಗಾಂಧಿ ಚೌಕದ ಹತ್ತಿರದ ಖಾನಾವಳಿಯಲ್ಲಿ ನನ್ನೆದುರು ಒಬ್ಬರು ಊಟಕ್ಕೆ ಕುಳಿತಿದ್ದರು. ಒಂದು ಕಿವಿಯಲ್ಲಿ ಪಾಡ್‌ಕಾಸ್ಟು, ಇನ್ನೊಂದು ಕಿವಿ ಬಡಿಸುವವನಿಗೆ ಬಿಟ್ಟದ್ದು. ಕಟಕ ರೊಟ್ಟಿ ಮುರಿದು, ಶೇಂಗಾ ಚಟ್ನಿಗೆ ಮೊಸರು ಸುರಿದು ಬೆರಳಿನಿಂದ ಕಲಸುತ್ತ ತಲೆದೂಗುತ್ತಿದ್ದವರು, ಕಂತು ಮುಗಿದ ಮೇಲೆ ಕಿವಿಯ ಗುಂಡಿಯನ್ನು ತೆಗೆದು ಜುಬ್ಬಾದ ಅಂಚಿಗೆ ಒರೆಸಿ ನನಗೆ ತೀರ್ಪು ಹೇಳಿದರು: ‘ಆಕಿ ಪಾರ್ಟ್ ಸ್ವಲ್ಪ ಬೋರ್ ಆತ್ರೀ. ಗಂಡನ್ನ ನೋಡ್ರಿ, ಏನ್ ತಲಿ ಓಡಿಸ್ಯಾನ!’

ಆಕೆಯ ಪಾರ್ಟು. ಇಲ್ಲಿ ನನಗೆ ವಿನೋದ ಸಾಕಾಗಿಹೋಯಿತು. ಆಕೆ ಪಾರ್ಟು ಮಾಡಲಿಲ್ಲ ಸ್ವಾಮಿ, ಸತ್ತಳು. ಆಕೆಯ ತಾಯಿ ಪ್ರತಿ ವಾಯಿದೆಗೂ ಬಸ್ಸು ಹಿಡಿದು ಬಂದು, ನ್ಯಾಯಾಲಯದ ಜಗುಲಿಯಲ್ಲಿ ಸಂಜೆಯವರೆಗೆ ಕುಳಿತು, ಮುಂದಿನ ತಾರೀಖು ಕೇಳಿಕೊಂಡು ಹೋಗಿದ್ದಾಳು. ಅದು ಯಾವ ಕಂತಿನಲ್ಲೂ ಬರುವುದಿಲ್ಲ, ಏಕೆಂದರೆ ಅದರಲ್ಲಿ ತಿರುವಿಲ್ಲ. ಪ್ರಸಾರಕ್ಕೆ ಮುನ್ನ ಮನೆಯವರನ್ನು ಒಂದು ಮಾತು ಕೇಳಿದ್ದಿರಾ ಎಂದು ಪ್ರಶ್ನಿಸಿದ ಒಬ್ಬ ಕೇಳುಗನನ್ನೂ ನಾನು ಈವರೆಗೆ ಕಂಡಿಲ್ಲ. ಸಮಾಧಿಸ್ಥಳಕ್ಕೆ ಅವಮಾನದ ಉದ್ದೇಶದಿಂದ ನುಗ್ಗುವುದು, ಶವಕ್ಕೆ ಅಗೌರವ ತೋರುವುದು ಹೊಸ ಸಂಹಿತೆಯ 301ನೆಯ ಕಲಮಿನಡಿ ಅಪರಾಧ. ಕಿವಿಯ ಮೂಲಕ ನುಗ್ಗುವವರಿಗೆ ಅದು ಅನ್ವಯಿಸುವುದಿಲ್ಲ.

ಸ್ಥಳೀಯ ಪ್ರಾತಿನಿಧ್ಯ ಬೇಕೆನ್ನುವವರಿಗೆ ನನ್ನದೊಂದು ಸಲಹೆಯಿದೆ: ನಮ್ಮ ಊರಿನ ಸಾಠ್ ಕಬರ್, ಅಂದರೆ ಅರವತ್ತು ಗೋರಿಗಳು. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ, ತಾನು ಮರಳಿ ಬರುವುದಿಲ್ಲವೆಂಬ ಜ್ಯೋತಿಷಿಗಳ ಮಾತು ನಂಬಿದ ಆದಿಲ್‌ಶಾಹಿ ಸೇನಾಪತಿ ಅಫ್ಜಲ್ ಖಾನ್ ತನ್ನ ಅರವತ್ತು ಚಿಲ್ಲರೆ ಹೆಂಡಂದಿರನ್ನು ಬಾವಿಗೆ ನೂಕಿಸಿ ಕೊಂದನೆಂಬುದು ಐತಿಹ್ಯ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅವನೂ ಸತ್ತದ್ದು ಇತಿಹಾಸ. ಇಲ್ಲಿ ಪತ್ತೆ ಮಾಡುವುದೇನೂ ಬಾಕಿಯಿಲ್ಲ, ಆರೋಪಿ ಜಗತ್ಪ್ರಸಿದ್ಧ, ಯುದ್ಧವಿದೆ, ಭವಿಷ್ಯವಾಣಿಯಿದೆ. ಸಾಲಾಗಿ ಮಲಗಿರುವ ಕಪ್ಪು ಕಲ್ಲಿನ ಗೋರಿಗಳಲ್ಲಿರುವ ಒಬ್ಬ ಹೆಂಗಸಿನ ಹೆಸರಾದರೂ ಗೊತ್ತೇ ಎಂದು ನಾನು ಆ ಖಾನಾವಳಿಯವರನ್ನು ಕೇಳಿದೆ. ಅವರು ಎರಡನೆಯ ಸಲ ಮೊಸರು ಹಾಕಿಸಿಕೊಂಡು, ಅಷ್ಟೊಂದು ಹೆಸರು ಹೇಳುತ್ತ ಕೂತರೆ ಕೇಳುವವರು ಯಾರು, ಅಫ್ಜಲ್ ಖಾನನಿಂದಲೇ ಶುರು ಮಾಡಬೇಕು ಎಂದರು.