ಮಾವನವರ ಡೇ-ಎಂಡು

ಫ್ರೀ ಅಂತ ಕರೆದು, ಒಳಗೆ ಕೂರಿಸಿ, ಆಮೇಲೆ ಬಾಗಿಲು ಹಾಕಿಕೊಂಡು ದುಡ್ಡು ಕೇಳುವ ಸಾಫ್ಟ್‌ವೇರ್‌ಗಳಿವೆ. ಅಂಥದ್ದೊಂದರ ಜೊತೆ ಈ ವಾರವೆಲ್ಲ ಗುದ್ದಾಡಿ ನನ್ನ ತಲೆ ಇನ್ನೂ ಬಿಸಿಯಾಗೇ ಇದೆ. ಹೆಸರು ಹೇಳಲ್ಲ. ಹೇಳಿದರೆ ಅದಕ್ಕೂ ಒಂದು ಪಾಪ್‌ಅಪ್ ಬಂದೀತು.

ವಿಷಯ ಇಷ್ಟೇ. ಹಾಲಿನ ಮೂಲೆಯಲ್ಲಿರುವ ನಮ್ಮ ಕಂಪ್ಯೂಟರು ಇತ್ತೀಚೆಗೆ ಆನ್ ಆಗುವ ಮೊದಲು ಸಿಕ್ಕಾಪಟ್ಟೆ ಯೋಚನೆ ಮಾಡುತ್ತಿತ್ತು. ಮಗಳ ನಾಮಕರಣದ ಫೋಟೋದಿಂದ ಹಿಡಿದು ಮನೆ ಕಂದಾಯದ ರಸೀದಿವರೆಗೆ ಎಲ್ಲ ಅದರ ಹೊಟ್ಟೆಯಲ್ಲೇ. ಅದು ಕೈಕೊಡುವ ಮೊದಲು ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಅದರಲ್ಲಿರುವುದೆಲ್ಲದರ ಯಥಾವತ್ ಪ್ರತಿ, ತೆಗೆದಿಡೋಣ ಅಂತ ಹೊರಟೆ. ಬರೀ ಫೈಲ್ ಕಾಪಿ ಮಾಡಿಟ್ಟರೆ ಫೈಲಷ್ಟೇ ಉಳಿಯುತ್ತದೆ. ಇಮೇಜ್ ಇದ್ದರೆ ವಿಂಡೋಸು, ಕನ್ನಡ ಟೈಪಿಂಗ್ ಸೆಟ್ಟಿಂಗು, ಜಪ್ಪಯ್ಯ ಅಂದ್ರೂ ಕನೆಕ್ಟ್ ಆಗದೆ ಕೊನೆಗೂ ಮನಸ್ಸು ಮಾಡಿದ ಪ್ರಿಂಟರು, ಎಲ್ಲ ಇದ್ದ ಹಾಗೇ ವಾಪಸ್ ಬರುತ್ತದೆ. ಆ ಪ್ರಿಂಟರಿಗೋಸ್ಕರವಾದರೂ ಇಮೇಜ್ ಬೇಕು.

ಯಾವುದರಲ್ಲಿ ತೆಗೆಯೋದು? ಆಫೀಸಿನ ಹಳಬರು ಈಗಲೂ ನಾರ್ಟನ್ ಘೋಸ್ಟ್ ಅಂತ ಕಣ್ಣರಳಿಸುತ್ತಾರೆ. ಅದರ ಮಾರಾಟ 2013ರಲ್ಲೇ ನಿಂತಿತು. ಮ್ಯಾಕ್ರಿಯಮ್ ರಿಫ್ಲೆಕ್ಟ್ ಹಾಕ್ಕೊಳ್ಳಿ ಅಂದವರೂ ಉಂಟು. ಅದರ ಫ್ರೀ ಆವೃತ್ತಿಯೂ 2024ರ ಹೊಸ ವರ್ಷದ ಹೊತ್ತಿಗೆ ಮುಗಿದ ಕತೆ. ವಿಂಡೋಸ್ 11ರ ಕಂಟ್ರೋಲ್ ಪ್ಯಾನೆಲ್ ತೆಗೆದರೆ ಅಲ್ಲೊಂದು ‘ಬ್ಯಾಕಪ್ ಅಂಡ್ ರಿಸ್ಟೋರ್’ ಇದೆ. ಪಕ್ಕದಲ್ಲೇ ಬ್ರಾಕೆಟ್ಟಿನಲ್ಲಿ ‘ವಿಂಡೋಸ್ 7’ ಅಂತ ಬರೆದಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಎಳ್ಳುನೀರು ಬಿಟ್ಟಾಗಿದೆ, ಇದು ಮಾತ್ರ ಮನೆ ಖಾಲಿ ಮಾಡಿಲ್ಲ. ಇನ್ನು ಮುಂದೆ ಇದನ್ನು ನಂಬಬೇಡಿ, ಬೇರೆ ಕಂಪನಿಯದ್ದು ಹಾಕಿಕೊಳ್ಳಿ ಅಂತ ಮೈಕ್ರೋಸಾಫ್ಟೇ 2017ರಲ್ಲಿ ಹೇಳಿಬಿಟ್ಟಿದೆ.

ಹಾಗಾಗಿ ಬೇರೆಯದ್ದು ಹಾಕಿಕೊಂಡೆ. ಬ್ಯಾಕಪ್ ಏನೋ ಚೆನ್ನಾಗೇ ತೆಗೆಯಿತು. ಆಮೇಲೆ ಗೊತ್ತಾಯಿತು, ನನಗೆ ಯಾವ ಬಟನ್ ಬೇಕೋ ಅದರ ತಲೆ ಮೇಲೇ ಒಂದು ಪುಟ್ಟ ಕಿರೀಟ, ಅಂದರೆ ದುಡ್ಡು ಕೊಟ್ಟವರಿಗೆ ಮಾತ್ರ. ವಿಂಡೋಸ್ ಇರೋ ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ಹಾಗೇ ಇಳಿಸೋಕೆ, ಅಂದರೆ ಕ್ಲೋನ್ ಮಾಡೋಕೆ, ಕಿರೀಟ. ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡೋಕೆ ಕಿರೀಟ. ಕಿರೀಟ ಒತ್ತಿದರೆ ‘60% ರಿಯಾಯಿತಿ, ಇನ್ನು ಹದಿನೈದೇ ನಿಮಿಷ’ ಅಂತ ಕೆಂಪು ಗಡಿಯಾರ ಟಿಕ್ ಟಿಕ್ ಶುರು.

ನಾನು ಬೈದುಕೊಂಡು ಒಗ್ಗರಣೆ ಹಾಕಲು ಒಳಗೆ ಹೋದೆ. ಆ ಗಡಿಯಾರ ನಮ್ಮ ಮಾವನವರ ಕಣ್ಣಿಗೆ ಬಿತ್ತು.

ಮಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಗಡುವು ಅಂದರೆ ಅವರಿಗೆ ದೇವರ ಸಮಾನ. ಕರೆಂಟ್ ಬಿಲ್ ಬಂದ ದಿನವೇ ಕಟ್ಟುತ್ತಾರೆ. ಅಂಥವರ ಎದುರಿಗೆ ಸೆಕೆಂಡ್ ಸೆಕೆಂಡಿಗೂ ಕರಗುವ ಗಡುವು! ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

“ಅಮ್ಮಾ, ಇನ್ನು ಒಂಬತ್ತು ನಿಮಿಷ.”

“ಬಿಡಿ ಮಾವ, ಅದು ಸುಮ್ನೆ ಹಾಗೇ ಓಡುತ್ತೆ.”

“ಸುಮ್ನೆ ಯಾರಾದ್ರೂ ಟೈಮ್ ಕೊಡ್ತಾರೇನಮ್ಮ? ಇನ್ನು ನಾಲ್ಕು ನಿಮಿಷ. ಒಲೆ ಆರಿಸಿ ಬಾ.”

ಕೊನೆಯ ನಿಮಿಷದಲ್ಲಿ ಅವರು ಎದ್ದೇ ನಿಂತಿದ್ದರಂತೆ. ಸೊನ್ನೆ ಆಯಿತು. ಪರದೆ ಒಮ್ಮೆ ಮಿಟುಕಿತು. ಮತ್ತೆ ಹದಿನೈದು ನಿಮಿಷ, ಅದೇ ಕೆಂಪು, ಅದೇ 60%. ಆಷಾಢದ ಸೇಲು ಶ್ರಾವಣ ಕಳೆದರೂ ‘ಕೊನೆಯ ದಿನ’ ಅಂತಲೇ ಬೋರ್ಡು ಹಾಕಿಕೊಂಡಿರುತ್ತದಲ್ಲ, ಹಾಗೆ.

ಮಾವನಿಗೆ ಇದು ವೈಯಕ್ತಿಕ ಅವಮಾನ ಅನ್ನಿಸಿತು. ಕ್ಯಾಲೆಂಡರಿನ ಹಿಂದೆ ಟೈಮ್ ಬರೆದಿಡತೊಡಗಿದರು. ಇನ್ನೊಮ್ಮೆ ಸೊನ್ನೆ, ಇನ್ನೊಮ್ಮೆ ಹದಿನೈದು. ರೇಗಿ ‘ಬೇಡ’ ಒತ್ತಿದರು. ರಿಯಾಯಿತಿ 70% ಆಯಿತು! ಮುಖದ ಮೇಲೆ ಹಳೇ ಸಾಲಗಾರನನ್ನು ದಾರಿಯಲ್ಲಿ ಹಿಡಿದ ಕಳೆ. “ನೋಡಮ್ಮ, ಇಳೀತಾ ಇದಾರೆ. ದುಡ್ಡು ಕೊಡಬೇಡ. ಇನ್ನೊಂದೆರಡು ಸಲ ಬೇಡ ಅಂದ್ರೆ ಅವರೇ ನಮಗೆ ಕೊಡ್ತಾರೆ.”

ನಮ್ಮೆಜಮಾನರು ಆಫೀಸಿಂದ ಬಂದಾಗಲೂ ಮಾವ ‘ಬೇಡ’ ಅನ್ನುತ್ತಲೇ ಇದ್ದರು. ಅಲ್ಲಾ, ಡೇಟಾ ಕಾಪಾಡೋ ಸಾಫ್ಟ್‌ವೇರಿಗೆ ನಮ್ಮನ್ನು ಹೆದರಿಸೋ ಕೆಲಸ ಯಾರು ಕೊಟ್ಟರು? ಅದನ್ನು ಕಿತ್ತುಹಾಕಿದೆ. ಹೋಗುವಾಗಲೂ ‘ಯಾಕೆ ಹೋಗ್ತಿದ್ದೀರಾ’ ಅಂತ ಒಂದು ಫಾರಂ ತುಂಬಿಸಿಕೊಂಡಿತು.

ಕೊನೆಗೆ ಉಳಿದದ್ದು ಕ್ಲೋನ್‌ಜಿಲ್ಲಾ. ತೈವಾನಿನವರು ಮಾಡಿ ಪುಕ್ಕಟೆ ಕೊಟ್ಟಿರುವುದು. ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತದೆ, ಅಂದರೆ ವಿಂಡೋಸಿನ ಹಂಗಿಲ್ಲದೆ ಶುರುವಾಗುತ್ತದೆ. ಚಂದ ಅಂತ ಏನೂ ಇಲ್ಲ, ಬರೀ ಅಕ್ಷರ. ಮೌಸು, ಕಿರೀಟ, ಗಡಿಯಾರ ಯಾವುದೂ ಇಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು, “ಹಾಂ, ಇದು ಕಂಪ್ಯೂಟರು!” ಅಂದರು. ಅವರ ಬ್ರಾಂಚಿಗೆ ಮೊದಲು ಬಂದ ಸ್ಕ್ರೀನು ಹೀಗೇ ಇತ್ತಂತೆ. ಸಂಜೆ ಡೇ-ಎಂಡ್, ಅಂದರೆ ಆ ದಿನದ ಲೆಕ್ಕ ಮುಗಿಸುವ ಕೆಲಸ, ಆದಮೇಲೆ ಟೇಪಿನಲ್ಲಿ ಬ್ಯಾಕಪ್ ತೆಗೆದು, ಬ್ಯಾಗಿನಲ್ಲಿ ಹಾಕಿಕೊಂಡು ಇನ್ನೊಂದು ಬ್ರಾಂಚಿಗೆ ಇವರೇ ಒಯ್ದು ಕೊಡುತ್ತಿದ್ದರಂತೆ. ಆಮೇಲೆ ಎಲ್ಲ ಬ್ರಾಂಚು ಒಂದೇ ಸರ್ವರಿಗೆ ಸೇರಿಕೊಂಡವು. “ಸಂಜೆ ಬೇಗ ಮನೆಗೆ ಬರೋ ಹಾಗಾಯ್ತು. ಏನ್ ಮಾಡ್ಬೇಕು ಅಂತಲೇ ಗೊತ್ತಾಗ್ತಿರಲಿಲ್ಲ” ಅಂದರು.

ಇಮೇಜ್ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹೋಯಿತು. ನಾನು ಕೈ ತೊಳೆದುಕೊಳ್ಳುವವಳಿದ್ದೆ. ಮಾವ ಬಿಡಬೇಕಲ್ಲ. “ವಾಪಸ್ ಹಾಕಿ ನೋಡ್ದೇ ಇರೋ ಬ್ಯಾಕಪ್ಪು ಬ್ಯಾಕಪ್ಪಾ?” ಕೀಬೋರ್ಡ್ ಸತ್ತ ಹಳೇ ಲ್ಯಾಪ್‌ಟಾಪಿನಿಂದ ಕಿತ್ತಿಟ್ಟ 500 ಜಿಬಿ ಡಿಸ್ಕ್ ಹುಡುಕಿ ತಂದೆ. ನಮ್ಮದು 256. ದೊಡ್ಡದಕ್ಕೆ ಹಾಕಬಹುದು, ಚಿಕ್ಕದಕ್ಕೆ ಹಾಕಹೊರಟರೆ ಕ್ಲೋನ್‌ಜಿಲ್ಲಾ ತಕರಾರು ತೆಗೆಯುತ್ತದೆ.

ಇಲ್ಲಿ ಡಿಸ್ಕಿಗೆ ಸಿ, ಡಿ ಅಂತ ಹೆಸರಿರಲ್ಲ, ‘ಎಸ್‌ಡಿಎ’, ‘ಎಸ್‌ಡಿಬಿ’ ಅಂತೆಲ್ಲ ಇರುತ್ತದೆ, ಪಕ್ಕದಲ್ಲಿ ಸೈಜು. ತಪ್ಪು ಡಿಸ್ಕ್ ಆರಿಸಿದರೆ ಇದ್ದದ್ದೂ ಒರೆಸಿಹೋಗುತ್ತದೆ. ಅದಕ್ಕೇ ರಿಸ್ಟೋರ್ ಮಾಡುವಾಗ ‘ಖಂಡಿತಾನಾ?’ ಅಂತ ಎರಡು ಸಲ ಕೇಳುತ್ತದೆ. ಮಾವನಿಗೆ ಆದ ಸಂತೋಷ ನೋಡಬೇಕಿತ್ತು. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪುವುದಕ್ಕೆ ಪಾಸಿಂಗ್ ಅನ್ನುತ್ತಾರೆ. “ಒಬ್ಬರು ಎಂಟ್ರಿ, ಇನ್ನೊಬ್ಬರು ಪಾಸಿಂಗು! ಯೆಸ್ ಅನ್ನೋಕೆ ಮೊದಲ್ನೇ ವೈ ನೀನು ಒತ್ತು, ಎರಡ್ನೇದು ನಂದು.” ಡಿಸ್ಕಿನ ಸೈಜನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ಪಂಚೆಯಲ್ಲಿ ಬೆರಳು ಒರೆಸಿಕೊಂಡು, ಪಾಸ್ ಮಾಡಿದರು.

ಮುಗಿದಮೇಲೆ ಆ ಡಿಸ್ಕನ್ನು ನಮ್ಮೆಜಮಾನರ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆವು. ಮಾವ ಕೇಳಿದ್ದು ಒಂದೇ ಫೈಲು. ಅತ್ತೆ ಮಾವಿನಕಾಯಿ ಉಪ್ಪಿನಕಾಯಿ ಅಳತೆ ಹೇಳಿದ್ದನ್ನು ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು, ಅತ್ತೆ ಹೋಗುವ ಹಿಂದಿನ ಬೇಸಿಗೆಯಲ್ಲಿ. ಮುಕ್ಕಾಲು ಪಾಲು ಮಿಕ್ಸಿ ಸದ್ದು. ನಡುವೆ ಅತ್ತೆ “ಸಾಸಿವೆ ಎಷ್ಟು ಅಂದ್ರೆ... ಹಿಡಿಸುವಷ್ಟು” ಅನ್ನುತ್ತಾರೆ. ಎಷ್ಟು ಅಂತ ಈಗಲೂ ಗೊತ್ತಾಗಲಿಲ್ಲ. ಮಾವ ಪೂರ್ತಿ ಕೇಳಿ, “ಸರಿ ಇದೆ, ಟ್ಯಾಲಿ ಆಯ್ತು” ಅಂದರು.

ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದು ಮನೆಯಿಂದ ಹೊರಗಿರಬೇಕು ಅಂತ ಬಲ್ಲವರು ಹೇಳುವ 3-2-1 ಲೆಕ್ಕ ಒಂದಿದೆ. ಬಾಯಿತಪ್ಪಿ ಅದನ್ನೂ ಹೇಳಿಬಿಟ್ಟೆ. ಮರುದಿನ ತಿಂಡಿ ಆಗುತ್ತಲೇ ಅಟ್ಟದಿಂದ ಹಳೇ ಬ್ಯಾಂಕಿನ ಬ್ಯಾಗು ಇಳಿಯಿತು. ಇಮೇಜ್ ಇದ್ದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಸಿಟಿ ಬಸ್ಸಿನಲ್ಲಿ ನಾದಿನಿ ಮನೆಗೆ ಒಯ್ದರು. ‘ಹಾರ್ಡ್ ಡಿಸ್ಕ್ 1, ಕಪ್ಪು ಬಣ್ಣ, ಕೇಬಲ್ ಸಹಿತ’ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಸ್ವಂತ ಮಗಳ ಕೈಲಿ ಸಹಿ ಹಾಕಿಸಿಕೊಂಡು ಬಂದರು.

ಸಂಜೆ ನಾದಿನಿ ಫೋನ್. “ಅತ್ತಿಗೆ, ಅಪ್ಪ ಕೊಟ್ಟ ಡಿಸ್ಕಲ್ಲಿ ಫೋಟೋ ಇದೆ ಅಂದ್ರಲ್ಲ, ಟೀವಿಗೆ ಚುಚ್ಚಿದ್ವಿ. ಏನೂ ಬರ್ತಿಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿದೆ. ಎಸ್ ಕೊಡ್ಲಾ?”

ಸ್ಪೀಕರಿನಲ್ಲಿತ್ತು. ಮಾವ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡೇ ಫೋನ್ ಕಿತ್ತುಕೊಂಡರು. “ಏಯ್, ನಾನು ಬರೋವರೆಗೂ ಅಲ್ಲಿ ಯಾರೂ ಏನೂ ಪಾಸ್ ಮಾಡ್ಬಾರ್ದು!”