ಮಗುವಿನ ಚಿಕಿತ್ಸೆ ಮತ್ತು 25ನೇ ವಿಧಿ: ಸತ್ಯಾಂಶ

ಹರಕೆ ಹೊತ್ತಿದ್ದರೆ ಮಗುವಿಗೆ ಔಷಧಿ ಬೇಡ ಅನ್ನಬಹುದು, ಸಂವಿಧಾನದ 25ನೇ ವಿಧಿ ಪ್ರಕಾರ ಯಾರೂ ಕೇಳುವಂತಿಲ್ಲ. ಇಂಥ ಮೆಸೇಜ್ ನಮ್ಮ ಕಲಬುರಗಿ ಕಡೆಯ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದು ತಪ್ಪು.

25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ, ನಿಜ. ಆದರೆ ಅದರ ಮೊದಲ ಸಾಲಿನಲ್ಲೇ ಒಂದು ಷರತ್ತಿದೆ: ಸಾರ್ವಜನಿಕ ಶಾಂತಿ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವುದು ಈ ಸಾಲೇ. ಜೀವದ ಹಕ್ಕು ಹೇಳುವ 21ನೇ ವಿಧಿ ಮಗುವಿಗೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ನೋಡಿ. ಮಗು ನರಳುವಂತೆ ಬೇಕಂತಲೇ ನಿರ್ಲಕ್ಷ್ಯ ಮಾಡಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಬೇಕಂತಲೇ ನಿರ್ಲಕ್ಷ್ಯ ಮಾಡಿದ ಹೆತ್ತವರಿಗೂ ಇದರಲ್ಲಿ ವಿನಾಯಿತಿ ಇಲ್ಲ.

ಇದನ್ನು ಹಂಚುವವರು ಕೆಟ್ಟವರಲ್ಲ. ಮಗು ಹುಷಾರಿಲ್ಲದೆ ಮಲಗಿದಾಗ ಶರಣಬಸವೇಶ್ವರರ ಗುಡಿಗೋ ಬಂದೇನವಾಜ್ ದರ್ಗಾಕ್ಕೋ ಹೋಗದ ಮನೆ ನಮ್ಮೂರಲ್ಲಿ ಕಡಿಮೆ. ಹೋಗಿ ಬನ್ನಿ, ಕಾಯಿ ಒಡೆಸಿ, ಚಾದರ ಹೊದಿಸಿ. ಅದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆಸ್ಪತ್ರೆ ಮಾತ್ರ ತಪ್ಪಿಸಬೇಡಿ. ದಡಾರಕ್ಕೆ ದೇವಿ ಬಂದಿದ್ದಾಳೆ ಅಂತ ಸುಮ್ನೆ ಕೂತರೆ ಅದು ನ್ಯುಮೋನಿಯಾಕ್ಕೆ ತಿರುಗಬಹುದು. ದಡಾರದ ಲಸಿಕೆ 9 ತಿಂಗಳಿಗೇ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.

ಮೆಸೇಜಿನಲ್ಲಿ ವಿಧಿಯ ನಂಬರ್ ಇದ್ದರೆ ಮೂಲ ಸಾಲು ಓದಿ. ಸಂವಿಧಾನದ ಪ್ರತಿ ಲೈಬ್ರರಿಯಲ್ಲಿ ಇರುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ವಿಧಿಯನ್ನು ಅರ್ಧ ಮಾತ್ರ ಹೇಳಿದ್ದಾರಾ ನೋಡಿ. ತೀರ್ಪು ಅಂದಿದ್ದರೆ ಯಾವ ಕೋರ್ಟು, ಯಾವ ವರ್ಷ ಅಂತ ಕೇಳಿ. ಚಿಕಿತ್ಸೆ ಸಿಗದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.